ಮಗ್ಗ ಬದಲಾದಾಗ ಚಿತ್ತಾರದ ಗತಿಯೇನು?

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದು ಹೋಗುವವನಿಗೆ ಊರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಮನೆಮನೆಯಿಂದಲೂ ಲಾಳಿಯ ಸದ್ದು. ವಿದ್ಯುತ್ ಮಗ್ಗಗಳ ಆ ಟಕಟಕ ನಿಂತಿತೆಂದರೆ ಕರೆಂಟು ಹೋಗಿದೆಯೆಂದೋ ನೂಲಿನ ಬೆಲೆ ಏರಿದೆಯೆಂದೋ ತಿಳಿಯಬೇಕು. ಅಂಥ ಒಂದು ಮನೆಯ ಬಾಗಿಲಲ್ಲಿ ನಿಂತು ಮಗ್ಗದ ನೆತ್ತಿಯನ್ನು ನೋಡಿದರೆ, ಒಂದಕ್ಕೊಂದು ಸೇರಿಸಿ ಹೊಲಿದ ರಟ್ಟಿನ ಕಾರ್ಡುಗಳ ಮಾಲೆ ಮೆಲ್ಲಗೆ ಸುತ್ತುತ್ತಿರುವುದು ಕಾಣುತ್ತದೆ. ಪ್ರತಿ ಕಾರ್ಡಿನಲ್ಲೂ ತೂತುಗಳು. ತೂತಿದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಅದರೊಡನೆ ಹಾಸಿನ ಎಳೆಯೂ ಏಳುತ್ತದೆ. ತೂತಿಲ್ಲದ ಕಡೆ ಎಳೆ ಇದ್ದಲ್ಲೇ ಇರುತ್ತದೆ. ಲಾಳಿ ಒಮ್ಮೆ ಹಾಯ್ದರೆ ಒಂದು ಕಾರ್ಡಿನ ಕೆಲಸ ಮುಗಿಯಿತು. ಸೆರಗಿನ ನವಿಲು, ಅಂಚಿನ ಗೋಪುರ, ಒಡಲಿನ ಬುಟ್ಟಾ, ಎಲ್ಲವೂ ತೂತು ಉಂಟು, ತೂತು ಇಲ್ಲ ಎಂಬ ಎರಡೇ ಮಾತಿನಲ್ಲಿ ಬರೆದಿಟ್ಟವು.

ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ ಎಂಬಾತ ಈ ಏರ್ಪಾಡನ್ನು ಸಿದ್ಧಗೊಳಿಸಿದ್ದು 1804ರ ಸುಮಾರಿಗೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತಾನು ಕಲ್ಪಿಸಿದ ಲೆಕ್ಕದ ಯಂತ್ರಕ್ಕೆ ಆಜ್ಞೆ ಕೊಡಲು ಇಂಥವೇ ಕಾರ್ಡುಗಳನ್ನು ಬಳಸಬೇಕೆಂದು ಯೋಚಿಸಿದ. ಆ ಯಂತ್ರ ಪೂರ್ತಿಯಾಗಲಿಲ್ಲ, ಯೋಚನೆ ಉಳಿಯಿತು. ಆದುದರಿಂದ ಗಣಕಯಂತ್ರದ ವಂಶಾವಳಿಯನ್ನು ಹೇಳುವವರು ಮಗ್ಗದಿಂದಲೇ ಆರಂಭಿಸುವುದು ವಾಡಿಕೆ.

ಅಷ್ಟನ್ನೇ ಹೇಳುವುದಾಗಿದ್ದರೆ ಈ ಲೇಖನ ಬೇಕಿರಲಿಲ್ಲ. ನೇಕಾರರೆಲ್ಲರಿಗೂ ತಿಳಿದಿರುವ ಇನ್ನೊಂದು ಸಂಗತಿಯುಂಟು. ಗಣಕದ ಚರಿತ್ರೆಯನ್ನು ಬರೆಯುವವರು ಅದನ್ನು ಗಮನಿಸುವುದು ಕಡಮೆ. ನೂರಿಪ್ಪತ್ತು ಕೊಕ್ಕೆಯ ಜಕಾರ್ಡ್ ಪೆಟ್ಟಿಗೆಯನ್ನು ತೆಗೆದು ಇನ್ನೂರನಲವತ್ತು ಕೊಕ್ಕೆಯದನ್ನು ಕೂರಿಸಿದರೆ ಹಳೆಯ ಕಾರ್ಡಿನ ಮಾಲೆ ಅದಕ್ಕೆ ಹೊಂದುವುದಿಲ್ಲ. ನವಿಲು ಅದೇ, ಗೋಪುರ ಅದೇ; ಆದರೆ ಬರೆದ ಲಿಪಿ ಸಲ್ಲದು. ಎಲ್ಲ ಕಾರ್ಡುಗಳನ್ನೂ ಹೊಸದಾಗಿ ಹೊಡೆಯಬೇಕು. ಆಗ ಯಾರ ಬಳಿ ಚಿತ್ತಾರದ ಮೂಲ ನಕ್ಷೆ, ಎಂದರೆ ಚೌಕಳಿ ಕಾಗದದ ಮೇಲೆ ಬಣ್ಣ ತುಂಬಿದ ಹಾಳೆ, ಉಳಿದಿದೆಯೋ ಅವನು ಪಾರಾದ. ಕಾರ್ಡುಗಳನ್ನು ಮಾತ್ರ ಇಟ್ಟುಕೊಂಡು ಹಾಳೆಯನ್ನು ಕಳೆದುಕೊಂಡವನು ಹಳೆಯ ಸೀರೆಯೊಂದನ್ನು ಬಿಡಿಸಿಟ್ಟು, ಎಳೆಎಳೆ ಎಣಿಸುತ್ತ ಕೂರಬೇಕು.

ಗಣಕ ತಯಾರಿಸುವವರು ತಮ್ಮ ಯಂತ್ರದ ಪ್ರೊಸೆಸರನ್ನು ಬದಲಿಸಿದಾಗಲೆಲ್ಲ ನಡೆದಿರುವುದು ಇದೇ ಕಥೆ. ಬೆಂಗಳೂರಿನಲ್ಲಿ ಅದು ಒಂದೆರಡು ಬಾರಿಯಲ್ಲ, ಹಲವು ಬಾರಿ ನಡೆದಿದೆ.

ಪೆಟ್ಟಿಗೆಯೊಳಗಿನ ಭಾಷೆ

ಪ್ರೊಸೆಸರ್ ಎಂಬ ಚಿಪ್ಪನ್ನು ಗಣಕದ ಹೃದಯವೆಂದೂ ಮಿದುಳೆಂದೂ ಕರೆಯುವುದುಂಟು. ನಮ್ಮ ಪ್ರಕೃತ ವಿಷಯಕ್ಕೆ ಅದನ್ನು ಜಕಾರ್ಡ್ ಪೆಟ್ಟಿಗೆ ಎಂದು ತಿಳಿದರೆ ಸಾಕು. ಎರಡು ಸಂಖ್ಯೆಗಳನ್ನು ಕೂಡು, ಇದನ್ನು ಅಲ್ಲಿಡು, ಅದು ಸೊನ್ನೆಯಾಗಿದ್ದರೆ ಇತ್ತ ಹೋಗು ಎಂಬಂಥ ಸಣ್ಣಪುಟ್ಟ ಆಜ್ಞೆಗಳೇ ಅದಕ್ಕೆ ಅರ್ಥವಾಗುವ ಮಾತುಗಳು. ಆದರೆ ಕೂಡು ಎಂಬ ಆಜ್ಞೆಗೆ ಒಂದು ಕಂಪನಿಯ ಚಿಪ್ಪಿನಲ್ಲಿ ಒಂದು ಸಂಕೇತ, ಇನ್ನೊಂದರಲ್ಲಿ ಬೇರೊಂದು. ಒಂದಕ್ಕಾಗಿ ಹೊಡೆದ ಕಾರ್ಡು ಇನ್ನೊಂದಕ್ಕೆ ಬರಿಯ ರಟ್ಟು.

ಗಣಕವನ್ನು ತಯಾರಿಸುವವನು ಸಾಮಾನ್ಯವಾಗಿ ಚಿಪ್ಪನ್ನು ತಾನೇ ತಯಾರಿಸುವುದಿಲ್ಲ, ಕೊಂಡು ತರುತ್ತಾನೆ. ಕೊಡುವವನು ಹಿಂದೆ ಬೀಳಬಹುದು, ಮಾರಾಟವಾಗಿ ಹೋಗಬಹುದು, ಆ ಬಗೆಯ ಚಿಪ್ಪನ್ನೇ ನಿಲ್ಲಿಸಿಬಿಡಬಹುದು. ಅವನ ದೇಶದ ಸರಕಾರ ಕೊಡಕೂಡದೆಂದು ಅಡ್ಡ ಬರಬಹುದು. ಆಗ ಕೊಳ್ಳುವವನು ಬೇರೆ ಅಂಗಡಿ ಹುಡುಕಬೇಕು. ಹುಡುಕಿದಾಗ ಬದಲಾಗುವುದು ಒಂದು ಚಿಪ್ಪಷ್ಟೇ ಅಲ್ಲ. ಅದುವರೆಗೆ ಬರೆದ ಕ್ರಮವಿಧಿಗಳೆಲ್ಲವೂ ಒಮ್ಮೆ ಅಗ್ನಿಪರೀಕ್ಷೆಗೆ ಒಳಗಾಗುತ್ತವೆ.

ಮಳೆ ಕೊಟ್ಟ ನೆಪ

1987ರಲ್ಲಿ ದೇಶಕ್ಕೆ ಭಾರಿ ಬರಗಾಲ ಬಂದದ್ದು ಹಿರಿಯರಿಗೆ ನೆನಪಿರಬಹುದು. ಮಳೆ ಯಾವಾಗ, ಎಷ್ಟು ಎಂಬುದನ್ನು ನಾಲ್ಕಾರು ದಿನ ಮುಂಚಿತವಾಗಿ ಲೆಕ್ಕ ಹಾಕಿ ಹೇಳಬೇಕೆಂದರೆ ಅಗಾಧ ವೇಗದ ಗಣಕ ಬೇಕು. ಅಂಥ ಗಣಕಗಳಿಗೆ ಆಗ ಅಮೆರಿಕದ ಕ್ರೇ ಕಂಪನಿ ಹೆಸರುವಾಸಿ. ಭಾರತ ಕೇಳಿದ್ದು ಎಕ್ಸ್‌-ಎಂಪಿ 24 ಎಂಬ ಮಾದರಿಯನ್ನು. ಅಣ್ವಸ್ತ್ರದ ಲೆಕ್ಕಕ್ಕೂ ಅದು ಬಳಕೆಯಾದೀತೆಂಬ ಶಂಕೆಯಿಂದ ಅಮೆರಿಕ ಕೊಡಲೊಪ್ಪಿದ್ದು ಅದಕ್ಕಿಂತ ಕೆಳಗಿನ ಎಕ್ಸ್‌-ಎಂಪಿ 14 ಅನ್ನು, ಅದೂ ಷರತ್ತುಗಳೊಡನೆ. ದೆಹಲಿಯ ಹವಾಮಾನ ಮುನ್ಸೂಚನೆಯ ಕೇಂದ್ರಕ್ಕೆ ಆ ಯಂತ್ರ ಬಂತು.

ಇತ್ತ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ಜನ ಎನ್‌ಎಎಲ್ ಎಂದು ಕರೆಯುವ ಸಂಸ್ಥೆಯಲ್ಲಿ, ಅದಕ್ಕೂ ಮುಂಚೆಯೇ ಬೇರೊಂದು ಪ್ರಯತ್ನ ಆರಂಭವಾಗಿತ್ತು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕುವುದು ಅಲ್ಲಿನವರ ಕೆಲಸ. ಅದಕ್ಕೂ ಮಳೆಯ ಲೆಕ್ಕಕ್ಕೂ ಹಿಂದಿರುವ ಗಣಿತ ಒಂದೇ ಮನೆತನದ್ದು. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲ ಅದು. ಯು. ಎನ್. ಸಿನ್ಹಾ ಅವರೂ ಅವರ ಸಂಗಡಿಗರೂ 1986ರಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರವನ್ನು ಕಟ್ಟಿದರು. ಬಾವಿ ತೋಡಲು ಒಬ್ಬ ಬಲಭೀಮ ಸಿಗದಿದ್ದರೆ ಹಲವು ಮಂದಿ ಆಳುಗಳನ್ನು ಹಚ್ಚಿದಂತೆ, ಅಂಗಡಿಯಲ್ಲಿ ದೊರೆಯುವ ಸಾಧಾರಣ ಚಿಪ್ಪುಗಳನ್ನು ಕೂಡಿಸಿ ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಂತೆ ಅವರು ಏರ್ಪಡಿಸಿದರು. ಸಮಾಂತರ ಗಣಕ ಎಂಬ ಮಾತಿಗೆ ಇಷ್ಟೇ ಅರ್ಥ. ಭಾರತದಲ್ಲಿ ಕಟ್ಟಿದ ಮೊದಲ ಸಮಾಂತರ ಗಣಕವೆಂದು ಇದನ್ನು ಗುರುತಿಸುತ್ತಾರೆ.

ಮೊದಲ ಫ್ಲೋಸಾಲ್ವರಿನಲ್ಲಿದ್ದದ್ದು ಇಂಟೆಲ್ ಕಂಪನಿಯ 8086 ಎಂಬ ಚಿಪ್ಪು, ಜೊತೆಗೆ ದಶಮಾಂಶದ ಲೆಕ್ಕಕ್ಕೆ 8087. ಎರಡನೆಯ ಆವೃತ್ತಿಯಲ್ಲಿ ಅದೇ ವಂಶದ 80386. ಇಲ್ಲಿಯವರೆಗೆ ತೊಂದರೆಯೇನೂ ಹೆಚ್ಚಿರಲಿಲ್ಲ; ಹಿರಿಯನಿಗೆ ಹೇಳಿದ ಮಾತು ಕಿರಿಯನಿಗೂ ಅರ್ಥವಾಗುವಂತೆ ಇಂಟೆಲ್ ನೋಡಿಕೊಂಡಿತ್ತು. ಮೂರನೆಯ ಆವೃತ್ತಿಗೆ ಬಂದಾಗ ಎನ್‌ಎಎಲ್‌ನವರು ಇಂಟೆಲ್ಲಿನದೇ ಐ860 ಎಂಬ ಚಿಪ್ಪನ್ನು ಆರಿಸಿಕೊಂಡರು. 1989ರಲ್ಲಿ ಮಾರುಕಟ್ಟೆಗೆ ಬಂದ ಈ ಚಿಪ್ಪು ಲೆಕ್ಕದಲ್ಲಿ ಮಹಾ ಚುರುಕು. ಆದರೆ ಅಂಗಡಿ ಅದೇ, ಭಾಷೆ ಬೇರೆ. 8086ರ ಆಜ್ಞೆಗಳಿಗೂ ಇದರ ಆಜ್ಞೆಗಳಿಗೂ ನಂಟಿಲ್ಲ. ಅಲ್ಲದೆ, ಕಾಗದದ ಮೇಲೆ ಬರೆದ ವೇಗವನ್ನು ಅದರಿಂದ ಹೊರಡಿಸಬೇಕಾದರೆ ಆಜ್ಞೆಗಳನ್ನು ಕೈಯಾರೆ, ಒಂದೊಂದಾಗಿ, ಸರಿಯಾದ ಲಯದಲ್ಲಿ ಜೋಡಿಸಬೇಕಿತ್ತು. ಕ್ರಮವಿಧಿಯನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರಿಗೆ ಆ ಜಾಣತನ ಇರಲಿಲ್ಲ. ಜಗತ್ತಿನಾದ್ಯಂತ ಆ ಚಿಪ್ಪನ್ನು ನೆಚ್ಚಿದವರೆಲ್ಲರ ಅನುಭವವೂ ಇದೇ. ಕೆಲವೇ ವರ್ಷಗಳಲ್ಲಿ ಇಂಟೆಲ್ ಆ ವಂಶವನ್ನೇ ಮುಂದುವರಿಸದೆ ಕೈಬಿಟ್ಟಿತು. ಫ್ಲೋಸಾಲ್ವರಿನ ಮುಂದಿನ ಆವೃತ್ತಿಗಳು ಮತ್ತೆ ಹಳೆಯ ವಂಶಕ್ಕೆ, ಅದರ ಪೆಂಟಿಯಂ ಪೀಳಿಗೆಗೆ ಮರಳಿದವು.

ಇಷ್ಟೆಲ್ಲ ತಿರುವುಗಳ ನಡುವೆ ಬೆಂಗಳೂರಿನವರ ಕೈಯಲ್ಲಿ ಉಳಿದದ್ದೇನು? ಒಂದನೆಯದು, ದೆಹಲಿಯಲ್ಲಿ ಕ್ರೇ ಯಂತ್ರದ ಮೇಲೆ ಓಡುತ್ತಿದ್ದ ಹವಾಮಾನದ ಕ್ರಮವಿಧಿ. ಫೋರ್ಟ್ರಾನ್ ಭಾಷೆಯಲ್ಲಿ ಬರೆದಿದ್ದ ಅದನ್ನು ಅವರು ಬಿಡಿಸಿ, ಹಂಚಿ, ತಮ್ಮ ಯಂತ್ರಕ್ಕೆ ಒಗ್ಗಿಸಿದರು. ಇನ್ನೊಂದು ಮಗ್ಗದ ಚಿತ್ತಾರವನ್ನು ತಮ್ಮ ಮಗ್ಗಕ್ಕೆ ಇಳಿಸಿಕೊಂಡದ್ದೆನ್ನಬಹುದು. ಮುಂದೆ ಆ ಅಭ್ಯಾಸದ ಬಲದಿಂದಲೇ ವರ್ಷ ಎಂಬ ಹೆಸರಿನ ಮುಂಗಾರಿನ ಲೆಕ್ಕದ ವಿಧಾನವನ್ನು ರೂಪಿಸಿದರು. ಎರಡನೆಯದು, ಚಿಪ್ಪುಗಳ ನಡುವೆ ಮಾತು ದಾಟಿಸಲು ತಾವೇ ರಚಿಸಿದ ಫ್ಲೋಸ್ವಿಚ್ ಎಂಬ ಸಾಧನ. ಕೊಂಡು ತಂದ ಚಿಪ್ಪುಗಳು ಒಂದೊಂದಾಗಿ ಮೂಲೆ ಸೇರಿದವು. ಈ ಎರಡು ಅವರಿಗೆ ದಕ್ಕಿದವು.

ಪರಮ್ ಪಡೆದ ಪುನರ್ಜನ್ಮಗಳು

ಕ್ರೇ ಪ್ರಸಂಗದ ಇನ್ನೊಂದು ಫಲ, ಪುಣೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ಮೂರು ವರ್ಷದೊಳಗೆ ಸೆಕೆಂಡಿಗೆ ನೂರು ಕೋಟಿ ಲೆಕ್ಕ ಮಾಡಬಲ್ಲ ಯಂತ್ರವನ್ನು ಕಟ್ಟಬೇಕೆಂಬುದು ಅದಕ್ಕೆ ಒಪ್ಪಿಸಿದ ಹೊಣೆ. 1991ರಲ್ಲಿ ಪರಮ್ 8000 ಹೊರಬಂತು. ಅದರಲ್ಲಿದ್ದ ಚಿಪ್ಪು ಅಮೆರಿಕದ್ದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಇನ್ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್.

ಈ ಟ್ರಾನ್ಸ್‌ಪ್ಯೂಟರ್ ಒಂದು ಸೊಗಸಾದ ಕಲ್ಪನೆ. ಪ್ರತಿ ಚಿಪ್ಪಿಗೂ ನಾಲ್ಕು ಕೈಗಳು. ನಾಲ್ಕು ನೆರೆಯವರ ಕೈ ಹಿಡಿದರೆ ಸಾಕು, ಎಷ್ಟು ಬೇಕಾದರೂ ಉದ್ದಕ್ಕೆ ಅಗಲಕ್ಕೆ ಕೋಲಾಟದ ಬಳ್ಳಿಯಂತೆ ಬೆಳೆಸಿಕೊಂಡು ಹೋಗಬಹುದು. ಅದಕ್ಕೆಂದೇ ಒಕ್ಯಾಮ್ ಎಂಬ ಭಾಷೆಯನ್ನೂ ಇನ್ಮಾಸ್ ರೂಪಿಸಿತ್ತು. ಸಮಾಂತರ ಗಣಕ ಕಟ್ಟುವವರಿಗೆ ಇದಕ್ಕಿಂತ ಹೇಳಿಮಾಡಿಸಿದ್ದು ಬೇರೊಂದಿರಲಿಲ್ಲ. ಆದರೆ ಬ್ರಿಟಿಷ್ ಸರಕಾರದ ಹಣದಿಂದ 1978ರಲ್ಲಿ ಹುಟ್ಟಿದ ಇನ್ಮಾಸ್ 1984ರಲ್ಲಿ ಒಬ್ಬರಿಗೆ, 1989ರಲ್ಲಿ ಇನ್ನೊಬ್ಬರಿಗೆ ಮಾರಾಟವಾಯಿತು. ಮುಂದಿನ ಪೀಳಿಗೆಯ ಚಿಪ್ಪು ಇಂದು ಬಂತು ನಾಳೆ ಬಂತು ಎನ್ನುತ್ತ ವರ್ಷಗಳು ಕಳೆದವು. ಬಂದಾಗ ಹೇಳಿದ ವೇಗ ಇರಲಿಲ್ಲ. ಅಷ್ಟರಲ್ಲಿ ಉಳಿದವರು ಬಹಳ ಮುಂದೆ ಸಾಗಿದ್ದರು. ಪರಮ್ ಕಟ್ಟಿದವರ ಪಾಲಿಗೆ, ಮನೆ ಕಟ್ಟಿ ಮುಗಿಸುವಷ್ಟರಲ್ಲಿ ಇಟ್ಟಿಗೆ ಗೂಡು ಮುಚ್ಚಿಹೋದಂತಾಯಿತು.

ಆಮೇಲಿನ ಕಥೆಯನ್ನು ದಶಾವತಾರದಂತೆ ಹೇಳಬಹುದು. ಪರಮ್ 8600ರಲ್ಲಿ ಲೆಕ್ಕಕ್ಕೆ ಇಂಟೆಲ್ಲಿನ ಐ860 ಬಂತು. ಟ್ರಾನ್ಸ್‌ಪ್ಯೂಟರು ಸುದ್ದಿ ಸಾಗಿಸುವ ಕೆಲಸಕ್ಕೆ ಇಳಿಯಿತು. 1994ರ ಪರಮ್ 9000ದಲ್ಲಿ ಅಮೆರಿಕದ ಸನ್ ಕಂಪನಿಯ ಸ್ಪಾರ್ಕ್ ಚಿಪ್ಪು. ಡಿಜಿಟಲ್ ಕಂಪನಿಯ ಆಲ್ಫಾ ಚಿಪ್ಪಿನ ಮಾದರಿಯೂ ಒಂದಿತ್ತು. 1998ರ ಪರಮ್ 10000ದಲ್ಲಿ ಮತ್ತೆ ಸನ್ನಿನ ಅಲ್ಟ್ರಾಸ್ಪಾರ್ಕ್. ಅನಂತರ ಬಂದ ಪರಮ್ ಪದ್ಮದಲ್ಲಿ ಐಬಿಎಂನ ಪವರ್4. 2008ರ ಪರಮ್ ಯುವದಲ್ಲಿ ಇಂಟೆಲ್ಲಿನ ಝಿಯಾನ್. ಇಪ್ಪತ್ತು ವರ್ಷ ತುಂಬುವುದರೊಳಗೆ ಒಂದೇ ಹೆಸರಿನ ಯಂತ್ರ ಐದು ಅಂಗಡಿಗಳ ಚಿಪ್ಪನ್ನು ತೊಟ್ಟಿತು.

ಈ ಅವತಾರಗಳಲ್ಲಿ ಪರಮ್ ಪದ್ಮ ಬೆಂಗಳೂರಿನದು. ಹಳೆಯ ಮದರಾಸು ರಸ್ತೆಯಲ್ಲಿ, ಬೈಯಪ್ಪನಹಳ್ಳಿಯ ಬಳಿಯ ಸಿ-ಡ್ಯಾಕ್ ಕೇಂದ್ರದಲ್ಲಿ ಅದನ್ನು ನೆಲೆಗೊಳಿಸಿದರು. ಅದೇ ರಸ್ತೆಯನ್ನು ಹಿಡಿದು ಮೂಡಲಿಗೆ ಹೋದರೆ ಹೊಸಕೋಟೆ ಸಿಗುತ್ತದೆ. 248 ಪವರ್4 ಚಿಪ್ಪುಗಳ ಈ ಯಂತ್ರದ ಗರಿಷ್ಠ ವೇಗ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ. 2003ರ ಜೂನ್‌ನಲ್ಲಿ ಪ್ರಕಟವಾದ ಜಗತ್ತಿನ ಐನೂರು ಮಹಾಗಣಕಗಳ ಪಟ್ಟಿಯಲ್ಲಿ ಅದಕ್ಕೆ 171ನೆಯ ಸ್ಥಾನ ದೊರೆಯಿತು. ಚಿಪ್ಪು ಐಬಿಎಂನದು, ನಿಜ; ಚಿಪ್ಪುಗಳನ್ನು ಒಂದು ಕುಟುಂಬವಾಗಿ ಬೆಸೆದ ಪರಮ್‌ನೆಟ್ ಎಂಬ ಜಾಲ ಸಿ-ಡ್ಯಾಕ್‌ನದು.

ಹೀಗೆ ಅಂಗಡಿಯಿಂದ ಅಂಗಡಿಗೆ ತಿರುಗಿದ್ದು ಸೋಲೇ ಎಂದು ಓದುಗರು ಕೇಳಬಹುದು. ಮೊದಲ ನೋಟಕ್ಕೆ ಹಾಗೆ ಕಾಣುವುದು ಸಹಜ. ಆದರೆ ತಿರುಗಾಟವೇ ಒಂದು ಪಾಠ ಕಲಿಸಿತು. ಒಕ್ಯಾಮ್‌ನಲ್ಲಿ, ಟ್ರಾನ್ಸ್‌ಪ್ಯೂಟರಿನ ನಾಲ್ಕು ಕೈಗಳನ್ನೇ ನೆಚ್ಚಿ ಬರೆದ ಕ್ರಮವಿಧಿಗಳು ಆ ಚಿಪ್ಪಿನೊಡನೆಯೇ ಮುಳುಗಿದವು. ಫೋರ್ಟ್ರಾನಿನಲ್ಲೋ ಸಿ ಭಾಷೆಯಲ್ಲೋ ಬರೆದು, ಚಿಪ್ಪುಗಳ ನಡುವಣ ಸಂಭಾಷಣೆಗೆ ಎಲ್ಲರೂ ಒಪ್ಪಿದ ಒಂದು ಕ್ರಮವನ್ನು ಹಿಡಿದವುಗಳು ಮುಂದಿನ ಯಂತ್ರಕ್ಕೆ ದಾಟಿದವು. ಅಂಥ ಒಪ್ಪಿತ ಕ್ರಮವೊಂದು, ಎಂಪಿಐ ಎಂಬ ಹೆಸರಿನದು, ಜಗತ್ತಿನ ಗಣಕ ವಿಜ್ಞಾನಿಗಳೆಲ್ಲ ಕೂಡಿ 1994ರಲ್ಲಿ ಹೊರತಂದದ್ದು. ಮೇಲೆ ಹೇಳಿದ ನೇಕಾರನ ಚೌಕಳಿ ಕಾಗದ ಇದೇ. ಯಾವ ಪೆಟ್ಟಿಗೆ ಬಂದರೂ ಹಾಳೆಯನ್ನು ನೋಡಿ ಹೊಸ ಕಾರ್ಡು ಹೊಡೆದುಕೊಳ್ಳಬಹುದು.

ಕೈಯಲ್ಲಿ ಹಿಡಿಯುವ ಗಣಕಕ್ಕೂ ಇದೇ ಪಾಡು

ದೊಡ್ಡ ಯಂತ್ರಗಳ ಮಾತಾಯಿತು. ಬೆಂಗಳೂರಿನಲ್ಲೇ ಹುಟ್ಟಿದ ಸಣ್ಣ ಗಣಕವೊಂದರ ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಕೂಡಿ, ಓದು ಬಾರದ ಹಳ್ಳಿಗನೂ ಬಳಸಬಹುದಾದ ಅಗ್ಗದ ಅಂಗೈ ಗಣಕವನ್ನು ಯೋಜಿಸಿದರು. 2001ರಲ್ಲಿ ಅದರ ಮಾದರಿಯನ್ನು ತೋರಿಸಿದರು. 2004ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಸಿಂಪ್ಯೂಟರ್ ಎಂಬ ಅದರ ಹೆಸರು ಆ ದಿನಗಳಲ್ಲಿ ಮನೆಮಾತಾಗಿತ್ತು.

ಅದರಲ್ಲಿದ್ದ ಚಿಪ್ಪು ಸ್ಟ್ರಾಂಗ್‌ಆರ್ಮ್. ಹುಟ್ಟಿದ್ದು ಡಿಜಿಟಲ್ ಕಂಪನಿಯ ಮನೆಯಲ್ಲಿ. ಒಂದು ವ್ಯಾಜ್ಯದ ರಾಜಿಯಲ್ಲಿ ಇಂಟೆಲ್ಲಿನ ಪಾಲಾಯಿತು. ಇಂಟೆಲ್ ಅದರ ಸ್ಥಾನದಲ್ಲಿ ಎಕ್ಸ್‌ಸ್ಕೇಲ್ ಎಂಬುದನ್ನು ತಂದಿತು. 2006ರಲ್ಲಿ ಆ ವ್ಯವಹಾರವನ್ನೂ ಬೇರೊಬ್ಬರಿಗೆ ಮಾರಿತು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗದೆ ಹೋದದ್ದಕ್ಕೆ ಬೆಲೆಯೇ ಮೊದಲಾದ ಬೇರೆ ಕಾರಣಗಳುಂಟು. ಎಲ್ಲವನ್ನೂ ಚಿಪ್ಪಿನ ತಲೆಗೆ ಕಟ್ಟುವುದು ತರವಲ್ಲ. ಆದರೆ ಬೆಂಗಳೂರಿನ ಒಂದು ಕೋಣೆಯಲ್ಲಿ ಕುಳಿತು ಹತ್ತು ವರ್ಷದ ಯೋಜನೆ ಹಾಕುವವನ ಕೈಕೆಳಗಿನ ನೆಲ, ಯಾರೋ ಎಲ್ಲೋ ಮಾಡಿಕೊಂಡ ರಾಜಿಯಿಂದ ಜರುಗಿಹೋಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಶ್ರೀಮಂತನಿಗೂ ತಪ್ಪದ ಕಷ್ಟ

ಇದು ಬಡದೇಶದ ಬವಣೆ ಮಾತ್ರವೆಂದು ಯಾರೂ ತಿಳಿಯಬಾರದು. ಅಮೆರಿಕದ ಆಪಲ್ ಕಂಪನಿ 1984ರಲ್ಲಿ ಮೆಕಿಂಟಾಷ್ ಗಣಕವನ್ನು ಹೊರತಂದಾಗ ಅದರಲ್ಲಿದ್ದದ್ದು ಮೋಟೊರೋಲಾದ 68000 ಚಿಪ್ಪು. 1994ರಲ್ಲಿ ಅದನ್ನು ಬಿಟ್ಟು, ಐಬಿಎಂ ಮತ್ತು ಮೋಟೊರೋಲಾ ಜೊತೆ ಸೇರಿ ರೂಪಿಸಿದ ಪವರ್‌ಪಿಸಿಗೆ ಹೋಯಿತು. ಆ ಚಿಪ್ಪಿನ ವೇಗ ಹೇಳಿದಷ್ಟು ಏರಲಿಲ್ಲ. ಮಡಿಲಲ್ಲಿಟ್ಟುಕೊಳ್ಳುವ ಗಣಕಕ್ಕೆ ಕೂರಿಸಲಾರದಷ್ಟು ಅದು ಕಾಯುತ್ತಿತ್ತು. 2003ರಲ್ಲಿ ಸ್ಟೀವ್ ಜಾಬ್ಸ್ ಸಭೆಯೆದುರು ಒಂದು ವರ್ಷದಲ್ಲಿ ಇಷ್ಟು ವೇಗ ಕೊಡುತ್ತೇವೆಂದು ಮಾತು ಕೊಟ್ಟರು. ಚಿಪ್ಪು ಕೊಡುವವರು ಆ ಮಾತನ್ನು ನಡೆಸಿಕೊಡಲಿಲ್ಲ. 2005ರ ಜೂನ್ 6ರಂದು ಅದೇ ಜಾಬ್ಸ್, ತಾವು ಇಂಟೆಲ್ಲಿಗೆ ಹೋಗುವುದಾಗಿ ಘೋಷಿಸಿದರು. ಎಷ್ಟೋ ವರ್ಷ ಇಂಟೆಲ್ಲನ್ನು ಜಾಹೀರಾತುಗಳಲ್ಲಿ ಗೇಲಿ ಮಾಡಿದ ಕಂಪನಿ ಅದರ ಬಾಗಿಲಿಗೇ ಹೋಗಿ ನಿಂತಿತು.

ಆಪಲ್ ಅನುಸರಿಸಿದ ಉಪಾಯ ಗಮನಾರ್ಹ. ಹಳೆಯ ಚಿಪ್ಪಿಗಾಗಿ ಬರೆದ ಕ್ರಮವಿಧಿಯನ್ನು ಹೊಸ ಚಿಪ್ಪಿನ ಭಾಷೆಗೆ ಓಡುವ ಹೊತ್ತಿನಲ್ಲೇ ಅನುವಾದಿಸುವ ದುಭಾಷಿಯೊಂದನ್ನು ಅದು ಗಣಕದೊಳಗೆ ಇರಿಸಿತು. 1799ರಲ್ಲಿ ಈಜಿಪ್ಟಿನಲ್ಲಿ ಸಿಕ್ಕಿದ, ಒಂದೇ ಶಾಸನವನ್ನು ಮೂರು ಲಿಪಿಗಳಲ್ಲಿ ಕೆತ್ತಿದ ಕಲ್ಲಿನ ನೆನಪಿಗೆ ಅದನ್ನು ರೊಸೆಟ್ಟಾ ಎಂದು ಕರೆದರು. ಆದರೆ ದುಭಾಷಿಗೂ ಒಂದು ಅವಧಿಯುಂಟು. ಐದಾರು ವರ್ಷಗಳಾದ ಮೇಲೆ, 2011ರಲ್ಲಿ, ಅವನನ್ನು ಮನೆಗೆ ಕಳಿಸಿದರು. ಅಷ್ಟರೊಳಗೆ ಹೊಸ ಕಾರ್ಡು ಹೊಡೆದುಕೊಳ್ಳದವರ ಚಿತ್ತಾರಗಳು ಹಳೆಯ ಯಂತ್ರದೊಡನೆ ಅಟ್ಟ ಸೇರಿದವು. 2020ರಲ್ಲಿ ಆಪಲ್ ಇಂಟೆಲ್ಲನ್ನೂ ಬಿಟ್ಟು ತಾನೇ ವಿನ್ಯಾಸ ಮಾಡಿದ ಎಂ1 ಚಿಪ್ಪಿಗೆ ಬಂತು. ಜಗತ್ತಿನ ಅತ್ಯಂತ ಸಿರಿವಂತ ಕಂಪನಿಗಳಲ್ಲೊಂದಕ್ಕೆ ಮೆಕಿಂಟಾಷಿನ ಹೃದಯವನ್ನು ತನ್ನದಾಗಿಸಿಕೊಳ್ಳಲು 36 ವರ್ಷ ಬೇಕಾಯಿತು. ಆಗಲೂ ಆಜ್ಞೆಗಳ ಭಾಷೆ ಇಂಗ್ಲೆಂಡಿನ ಆರ್ಮ್ ಕಂಪನಿಯಿಂದ ಪಡೆದದ್ದು. ಚಿಪ್ಪನ್ನು ತಯಾರಿಸುವ ಕಾರ್ಖಾನೆ ತೈವಾನಿನದು.

ನಮ್ಮವರ ಕೈ, ಯಾರದೋ ಹೆಸರು

ಹಾಗಾದರೆ ಪ್ರೊಸೆಸರ್ ರಚಿಸುವ ವಿದ್ಯೆ ನಮ್ಮಲ್ಲಿಲ್ಲವೆ? ಇದೆ, ಚೆನ್ನಾಗಿಯೇ ಇದೆ. ಇಂಟೆಲ್ ಕಂಪನಿ 2008ರಲ್ಲಿ ಮಾರುಕಟ್ಟೆಗೆ ತಂದ, ಡನ್ನಿಂಗ್ಟನ್ ಎಂಬ ಗುಪ್ತನಾಮದ ಆರು ಅಂಕಣಗಳ ಝಿಯಾನ್ ಚಿಪ್ಪಿನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಇಂದು ಜಗತ್ತಿನ ಅನೇಕ ಚಿಪ್ಪು ಕಂಪನಿಗಳ ವಿನ್ಯಾಸದ ಮನೆಗಳು ಈ ನಗರದಲ್ಲಿವೆ. ನಕ್ಷೆ ಬರೆಯುವ ಬೆರಳು ಇಲ್ಲಿಯದು, ನಕ್ಷೆಯ ಒಡೆತನ ಅಲ್ಲಿಯದು. ಇದರಲ್ಲಿ ತಪ್ಪೇನೂ ಇಲ್ಲ. ಸಂಬಳಕ್ಕೆ ಕೆಲಸ ಮಾಡುವವನು ನಕ್ಷೆಯನ್ನು ಮನೆಗೆ ಒಯ್ಯುವಂತಿಲ್ಲ. ಆದರೆ ಮೂವತ್ತು ವರ್ಷ ಪರರ ನಕ್ಷೆಯನ್ನೇ ಬರೆದವನಿಗೆ ತನ್ನದೂ ಒಂದು ಇರಬೇಕೆನ್ನಿಸುವುದು ಸಹಜವಲ್ಲವೆ?

ಆ ದಿಕ್ಕಿನಲ್ಲಿ ಪ್ರಯತ್ನಗಳು ನಡೆಯುತ್ತಿವೆ. ಮದರಾಸಿನ ಐಐಟಿಯ ಶಕ್ತಿ, ತಿರುವನಂತಪುರದ ಸಿ-ಡ್ಯಾಕ್‌ನ ವೇಗ ಎಂಬ ಪ್ರೊಸೆಸರುಗಳು ರಿಸ್ಕ್‌-ಫೈವ್ ಎಂಬ ಆಜ್ಞೆಗಳ ಭಾಷೆಯನ್ನು ಆಧರಿಸಿವೆ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಈ ಭಾಷೆಗೆ ಒಡೆಯನಿಲ್ಲ. ಊರ ಕೆರೆಯಂತೆ ಯಾರು ಬೇಕಾದರೂ ಕೊಡ ಇಳಿಸಬಹುದು. ಇವು ಇನ್ನೂ ಮಹಾಗಣಕಗಳ ಮಟ್ಟಕ್ಕೆ ಏರಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಳಿಸಿದ ಪರಮ್ ಪ್ರವೇಗದ ವೇಗ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಅದರ ಚಿಪ್ಪುಗಳು ಇಂಟೆಲ್ ಮತ್ತು ಎನ್ವಿಡಿಯಾ ಕಂಪನಿಗಳವು. ಪದ್ಮದ ಮೂರು ಸಾವಿರ ಪಾಲಿಗಿಂತ ಹೆಚ್ಚು ವೇಗ ನಮಗೆ ಬಂದಿದೆ. ಚಿಪ್ಪಿಗಾಗಿ ಬೇರೆಯವರ ಅಂಗಡಿಗೆ ಹೋಗುವುದು ತಪ್ಪಿಲ್ಲ.

ಇದನ್ನು ಓದುತ್ತಿರುವವರಿಗೆ ಮಹಾಗಣಕದ ಗೊಡವೆ ಏಕೆಂದು ತೋರಬಹುದು. ಸ್ವಂತ ಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತ ಬಳಕೆಗೆ ಬರುವ ಮುಂಚೆ ಗಣಕದಲ್ಲಿ ಕನ್ನಡವನ್ನು ಬೆರಳಚ್ಚು ಮಾಡಿದವರು ಒಬ್ಬೊಬ್ಬ ತಯಾರಕನ ಒಂದೊಂದು ಸಂಕೇತದಲ್ಲಿ ಮಾಡಿದರು. ಎಷ್ಟೋ ಮನೆಗಳಲ್ಲಿ ತಂದೆಯ ಆತ್ಮಕಥೆ, ಮಗಳ ಸಂಶೋಧನ ಪ್ರಬಂಧ, ಊರ ದೇವಸ್ಥಾನದ ಲೆಕ್ಕ ಹಳೆಯ ತಟ್ಟೆಗಳಲ್ಲಿ ಇವೆ. ತೆರೆದರೆ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕಾರ್ಡು ಉಳಿಯಿತು, ಪೆಟ್ಟಿಗೆ ಹೋಯಿತು. ಎಲ್ಲರಿಗೂ ಸಲ್ಲುವ ಲಿಪಿಯಲ್ಲಿ ಒಂದು ಪ್ರತಿ ಇಟ್ಟುಕೊಂಡವರ ಮನೆಯಲ್ಲಿ ತಂದೆಯ ಮಾತು ಇನ್ನೂ ಓದಲು ಸಿಗುತ್ತದೆ.

ದೇವನಹಳ್ಳಿಯ ದಾರಿಯಲ್ಲಿ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ದಾರಿ ಬಹಳವಿಲ್ಲ. ದ್ರಾಕ್ಷಿಗೂ ಚಕ್ಕೋತಕ್ಕೂ ಹೆಸರಾದ ಆ ತಾಲ್ಲೂಕಿನ ದೊಡ್ಡಗೊಲ್ಲಹಳ್ಳಿ, ಚಪ್ಪರದಹಳ್ಳಿಗಳ ಎಲ್ಲೆಯಲ್ಲಿ ಸುಮಾರು 300 ಎಕರೆ ನೆಲವನ್ನು ತೈವಾನಿನ ಫಾಕ್ಸ್‌ಕಾನ್ ಕಂಪನಿ 2023ರಲ್ಲಿ ಪಡೆಯಿತು. 2025ರಲ್ಲಿ ಅಲ್ಲಿಂದ ಆಪಲ್ ಕಂಪನಿಯ ಫೋನುಗಳು ತಯಾರಾಗಿ ಬರತೊಡಗಿದವು. ಫೋನೆಂದು ಹೆಸರಷ್ಟೆ; ವೇಗದಲ್ಲಿ ಪರಮ್ ಪದ್ಮವನ್ನು ನಾಚಿಸಬಲ್ಲ ಗಣಕ ಅದು. ಅದರ ಚಿಪ್ಪಿನ ಭಾಷೆ ಇಂಗ್ಲೆಂಡಿನದು, ನಕ್ಷೆ ಅಮೆರಿಕದ ಕಂಪನಿಯದು, ಅಚ್ಚು ತೈವಾನಿನದು, ಜೋಡಣೆ ದೇವನಹಳ್ಳಿಯದು. ಜೋಡಣೆಯನ್ನು ಹೀನಾಯವಾಗಿ ಕಾಣಬೇಕಾಗಿಲ್ಲ. ಸಾವಿರಾರು ಕೈಗಳಿಗೆ, ಅದರಲ್ಲೂ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳ ಕೈಗಳಿಗೆ ಕೆಲಸ ಸಿಕ್ಕುವುದು ಸಣ್ಣ ಮಾತಲ್ಲ. ಆದರೆ ಆ ಚಿಪ್ಪನ್ನು ನಾಳೆ ಬದಲಿಸಬೇಕೆಂದರೆ ಆ ಮಾತು ನಡೆಯುವುದು ದೇವನಹಳ್ಳಿಯಲ್ಲಲ್ಲ. ಎನ್‌ಎಎಲ್‌ನವರೂ ಸಿ-ಡ್ಯಾಕ್‌ನವರೂ ಚಿಪ್ಪನ್ನು ಕೊಂಡು ತಂದರೂ ಬದಲಿಸುವ ತೀರ್ಮಾನ ಅವರದಾಗಿತ್ತು. ಬದಲಾದಾಗ ಚಿತ್ತಾರವನ್ನು ಉಳಿಸಿಕೊಳ್ಳುವ ವಿದ್ಯೆಯೂ ಅವರದಾಗಿತ್ತು. ಆ ವಿದ್ಯೆ ಸಿಕ್ಕಿದ್ದು ಜೋಡಣೆಯಿಂದಲ್ಲ, ಮತ್ತೆ ಮತ್ತೆ ಕಾರ್ಡು ಹೊಡೆದ ಕಷ್ಟದಿಂದ.

ಈಚೆಗೆ ಮಗ್ಗಗಳಿಗೂ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ. ಅಂಥ ಮಗ್ಗದಲ್ಲಿ ರಟ್ಟಿನ ಮಾಲೆ ಇಲ್ಲ. ಸೆರಗಿನ ನವಿಲು ಬೆರಳುದ್ದದ ಒಂದು ಕಡ್ಡಿಯಲ್ಲಿ ಅಡಗಿ ಕುಳಿತಿರುತ್ತದೆ. ಆ ಪೆಟ್ಟಿಗೆಯ ಒಳಗೂ ಒಂದು ಪ್ರೊಸೆಸರ್ ಉಂಟು. ಅದನ್ನು ಕಳಿಸಿಕೊಟ್ಟ ಅಂಗಡಿ ಒಂದು ದಿನ ಬದಲಾದರೆ, ಕಡ್ಡಿಯಲ್ಲಿರುವ ನವಿಲು ಮುಂದಿನ ಪೆಟ್ಟಿಗೆಯಲ್ಲಿ ಗರಿ ಬಿಚ್ಚೀತೆ? ದೊಡ್ಡಬಳ್ಳಾಪುರದ ಹಳೆಯ ನೇಕಾರರ ಮನೆಗಳಲ್ಲಿ ಚೌಕಳಿ ಕಾಗದದ ಸುರುಳಿಗಳು ಈಗಲೂ ಅಟ್ಟದ ಮೇಲೆ ಸಿಕ್ಕಾವು. ಧೂಳು ಕೊಡವಿ ಅವನ್ನು ಜೋಪಾನ ಮಾಡುವುದು ಒಳ್ಳೆಯದು.